ಬೇಲಿಯಾಚೆ ಬಿದ್ದ ಗುಂಡು

ಕಳೆದ ವರ್ಷ ಈದ್‌ಗೆ ಮಲೆನಾಡಿನ ಆಪಾನ ಮನೆಗೆ ಹೋಗಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವಳ ಮಗ ಒಂದು ಏರ್‌ಗನ್ ತಂದಿದ್ದ. ಅಡಿಕೆ ತೋಟದ ಅಂಚಿನ ಹಲಸಿನ ಮರಕ್ಕೆ ಬಿಸ್ಕತ್ತಿನ ಹಳೆಯ ಡಬ್ಬಿಗಳನ್ನು ಕಟ್ಟಿ, ಅಸರ್ ನಮಾಜ್ ಆದ ಮೇಲೆ ನಿಶಾನಾ ಹಿಡಿಯುತ್ತಿದ್ದ. ನಾನೂ ಸುಮ್ಮನಿರಲಿಲ್ಲ. ಉರುಸಿನ ಜಾತ್ರೆಯಲ್ಲಿ ಎಂಟಾಣೆ ಕೊಟ್ಟು ಬಲೂನು ಒಡೆಯಲು ನಿಲ್ಲುತ್ತಿದ್ದ ಹುಡುಗ ನನ್ನೊಳಗೆ ಇನ್ನೂ ಇದ್ದಾನೆ. ಐದರಲ್ಲಿ ಎರಡು ತಗುಲಿದವು.

ಆರನೆಯದನ್ನು ಅವನು ಹೊಡೆದ. ಡಬ್ಬಿ ಅಲುಗಲಿಲ್ಲ. ಬೇಲಿಯಾಚೆ 'ಟಣ್' ಎಂದಿತು. ಪಕ್ಕದ ತೋಟದಲ್ಲಿ ಅಡಿಕೆ ಹಾಳೆ ಆಯುತ್ತಿದ್ದ ಹೆಂಗಸು ಎದ್ದು ನಿಂತಳು. ಅವಳ ಅಲ್ಯೂಮಿನಿಯಂ ಕೊಡಪಾನದ ಹೊಟ್ಟೆ ಒಳಕ್ಕೆ ತಗ್ಗಿತ್ತು. ಓಡಿಹೋದೆವು. "ಕೊಡ ಹೋದ್ರೆ ಹೋಗ್ಲಿ ಸಾಬ್ರೇ, ಈಗ್ಲೇ ನನ್ನ ಮಗು ಅಲ್ಲಿ ಕೂತಿತ್ತು" ಎಂದಳು. ಬೈದಿದ್ದರೆ ಸಹಿಸಬಹುದಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ಹುಡುಗ ವಾದಕ್ಕೆ ಬಂದ. "ಮಾಮೂ, ನಮ್ಮದೇ ಜಮೀನು. ಏರ್‌ಗನ್‌ಗೆ ಲೈಸೆನ್ಸೂ ಬೇಡ. ಕೊಡಗಿನಲ್ಲಿ ತೆಂಗಿನಕಾಯಿಗೆ ಹೊಡೆಯೋದಿಲ್ವಾ?"

ಅವನ ಮಾತಿನಲ್ಲಿ ಅರ್ಧ ಸತ್ಯವಿತ್ತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಅಂಗುಲದ ನಳಿಗೆ ಮತ್ತು 20 ಜೂಲ್ ಶಕ್ತಿ, ಈ ಎರಡೂ ಮಿತಿಯೊಳಗಿರುವ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ಕೊಡಗಿನ ಕಥೆ ಬೇರೆ. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ, 1861ರಿಂದಲೇ, ಪರವಾನಗಿಯ ವಿನಾಯಿತಿಯಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ಕಾಯಿಗೆ ಗುಂಡು ಹೊಡೆಯುವುದು ಅವರ ಸಂಪ್ರದಾಯ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಅಜಾಗರೂಕತೆಗಲ್ಲ.

ಅವನಿಗೆ ತಿಳಿಯದ ಅರ್ಧ ಇದು. 1959ರ ಶಸ್ತ್ರಾಸ್ತ್ರ ಕಾಯ್ದೆ ಹೊಲ ಯಾರದ್ದೆಂದು ಕೇಳುವುದಿಲ್ಲ. ಜೀವಕ್ಕೆ ಅಪಾಯವಾಗುವಂತೆ ಬೇಜವಾಬ್ದಾರಿಯಿಂದ ಬಂದೂಕು ಹಾರಿಸಿದರೆ, ಮದುವೆ ಸಂಭ್ರಮದಲ್ಲಿ ಹಾರಿಸಿದರೂ, 2 ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. ಬಂದೂಕಿನ ಮಾತು ಬಿಡಿ, ಅಜಾಗರೂಕತೆಯಿಂದ ಯಾರಿಗಾದರೂ ತೀವ್ರ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 3 ವರ್ಷದವರೆಗೆ ಶಿಕ್ಷೆಯಿದೆ. ಡಬ್ಬಿ ಬೇಸರವಾಗಿ ಪಿಕಳಾರಕ್ಕೆ ಗುರಿಯಿಟ್ಟರೆ 1972ರ ವನ್ಯಜೀವಿ ಕಾಯ್ದೆ ನಮ್ಮ ತೋಟದೊಳಕ್ಕೇ ಬರುತ್ತದೆ.

ಅವನ ದಾದಾರ ಬಳಿ ಬೆಳೆ ರಕ್ಷಣೆಯ ಪರವಾನಗಿ ಪಡೆದ ಒಂಟಿನಳಿಗೆ ಕೋವಿ ಇತ್ತು. ಚುನಾವಣೆ ಬಂದಾಗ ಬಟ್ಟೆಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಡಬ್ಬಿಗೆ ಒಮ್ಮೆಯೂ ಹೊಡೆದವರಲ್ಲ. ಮಕ್ಕಳು ಕಾಡಿದರೆ, "ಹಂದಿಗೇಂತ ಬರೆಸಿಕೊಂಡದ್ದು, ಆಟಕ್ಕಲ್ಲ" ಎನ್ನುತ್ತಿದ್ದರು. ಕಾನೂನು ಓದಿದವರಲ್ಲ, ಆ ಕಾಗದದ ಮೇಲಿನ ಷರತ್ತನ್ನು ಕೊಟ್ಟ ಮಾತಿನಂತೆ ಕಂಡವರು.

ಆಪಾಗೆ ಬೇರೆಯದೇ ದಿಗಿಲು. "ನಮ್ಮ ಹೆಸರಿನ ಹುಡುಗರ ಕೈಯಲ್ಲಿ ಬಂದೂಕು ಕಂಡರೆ ಜನ ಏನೇನು ಕಥೆ ಕಟ್ಟುತ್ತಾರೋ" ಎಂದಳು. ಆ ದಿಗಿಲು ನನಗೂ ಗೊತ್ತು, ಸುಳ್ಳೂ ಅಲ್ಲ. ಆದರೆ ಆ ಸಂಜೆ ನಾವು ನಮ್ಮ ಭಯವನ್ನಷ್ಟೇ ಲೆಕ್ಕ ಹಾಕಿದ್ದರೆ ಬೇಲಿಯಾಚೆ ನಿಂತವಳ ಭಯ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ನಮ್ಮನ್ನು ಅನುಮಾನಿಸಬೇಡಿ ಎನ್ನುವ ನಾವು, ನಮ್ಮ ಪಕ್ಕದಲ್ಲಿ ಅವಳು ನಿಶ್ಚಿಂತೆಯಿಂದ ಕೆಲಸ ಮಾಡುವಂತೆಯೂ ಇರಬೇಕಲ್ಲವೇ?

ಬೆಳಿಗ್ಗೆ ಹುಡುಗ ಪೇಟೆಗೆ ಹೋಗಿ ಹೊಸ ಕೊಡಪಾನ ತಂದು, ತಾನೇ ಕೊಟ್ಟು ಬಂದ. ಏರ್‌ಗನ್ನನ್ನು ಬೆಂಗಳೂರಿಗೆ ಒಯ್ದು ರೈಫಲ್ ಕ್ಲಬ್ಬೊಂದನ್ನು ಸೇರಿದ್ದಾನೆ. ಅಲ್ಲಿ ಗುರಿಯ ಹಿಂದೆ ಗುಂಡು ತಡೆಯುವ ದಪ್ಪ ಗೋಡೆಯಿದೆಯಂತೆ. ಮೊದಲ ದಿನವೇ ಉಸ್ತಾದರು, "ಗುರಿ ನೋಡುವ ಮೊದಲು ಅದರ ಹಿಂದೇನಿದೆ ನೋಡು" ಎಂದರಂತೆ.

ಹಲಸಿನ ಮರದಲ್ಲಿ ಡಬ್ಬಿಗಳು ಇನ್ನೂ ತೂಗುತ್ತಿವೆ. ಗಾಳಿ ಬಂದಾಗ ಸದ್ದು ಮಾಡುತ್ತವೆ. ತೋಟದಾಚೆಗಿನ ಹೆಂಗಸು ಈಗಲೂ ಒಮ್ಮೆ ತಲೆಯೆತ್ತಿ ನೋಡುತ್ತಾಳೆ ಎಂದು ಆಪಾ ಫೋನಿನಲ್ಲಿ ಹೇಳಿದಳು. ಅವನ್ನು ಇಳಿಸಲು ಹೇಳಿದ್ದೇನೆ.