ವಾರಕ್ಕೆ 84 ರೂಪಾಯಿ

ಚೆನ್ನೈಗೆ ಬಂದವರು ಮರೀನಾ ನೋಡಿ ಹೋಗುತ್ತಾರೆ. ಒಮ್ಮೆ ಅಮ್ಮ ಉಣವಗಂ ಕೂಡ ನೋಡಿ. 2013ರಲ್ಲಿ ಜಯಲಲಿತಾ ಶುರುಮಾಡಿದ ಈ ಕ್ಯಾಂಟೀನಿನಲ್ಲಿ ಇಡ್ಲಿಗೆ 1 ರೂಪಾಯಿ, ಸಾಂಬಾರ್ ಅನ್ನಕ್ಕೆ 5, ರಾತ್ರಿ ಎರಡು ಚಪಾತಿಗೆ 3. ಬಡಿಸುವವರು ಸ್ವಸಹಾಯ ಸಂಘದ ಹೆಂಗಸರು. ನಿಂತೇ ತಿನ್ನಬೇಕು. ನಾಲ್ಕು ಇಡ್ಲಿ ಹಿಡಿದು ಲೆಕ್ಕ ಹಾಕಿದೆ: ಮೂರು ಹೊತ್ತಿಗೆ 12, ವಾರಕ್ಕೆ 84. (ನಮ್ಮ ಆಫೀಸಿನ ಕೆಳಗೆ ಒಂದು ಕಾಫಿಗೇ ಇದಕ್ಕಿಂತ ಹೆಚ್ಚು!)

2014ರಲ್ಲಿ ರಂಗರಾಜನ್ ಸಮಿತಿ ನಗರದ ಬಡತನದ ಗೆರೆ ಎಳೆದದ್ದು ದಿನಕ್ಕೆ 47 ರೂಪಾಯಿಗೆ, ಅಂದರೆ ವಾರಕ್ಕೆ 329. ಅಷ್ಟರಲ್ಲಿ ಬದುಕಬಹುದೇ ಎಂದು ಪಕ್ಕದಲ್ಲಿದ್ದ ಗಾರೆ ಕೆಲಸದ ಹಿರಿಯರನ್ನು ಕೇಳಿದೆ.

"ಹೊಟ್ಟೆಗೆ ಸಾಕು ತಂಬಿ. ಬಸ್ಸಿಗೆ? ಊರಲ್ಲಿರೋ ಮಗಳಿಗೆ ಜ್ವರ ಬಂದ್ರೆ?"

ಬಾಡಿಗೆ ಉಳಿಸಲು ಅವರು ಮಲಗುವುದು ಕಟ್ಟುತ್ತಿರುವ ಕಟ್ಟಡದಲ್ಲೇ. ಮಳೆ ಬಂದರೆ ಕೂಲಿ ಇಲ್ಲ. ಅವತ್ತು ಎರಡೇ ಇಡ್ಲಿಯಂತೆ.