ನೀರಿನ ಹಾದಿ ಹಿಡಿದು ಮನೆ ಹುಡುಕುವುದು

ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ದಿನವಿಡೀ ಜನ ಇಳಿಯುತ್ತಾರೆ, ಹತ್ತುತ್ತಾರೆ. ತಾವು ನಿಂತಿರುವುದು ಒಂದು ಕೆರೆಯ ಅಂಗಳದಲ್ಲಿ ಎಂಬುದು ಅವರಲ್ಲಿ ಬಹುಮಂದಿಗೆ ತಿಳಿಯದು. ಅಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ನೀರು ಬತ್ತಿದ ಮೇಲೆ ಅದು ಸುಭಾಷ್ ನಗರ ಮೈದಾನವಾಯಿತು. ಅನಂತರ ಬಸ್ ನಿಲ್ದಾಣವಾಯಿತು. ಕಬ್ಬನ್ ಪಾರ್ಕಿನ ಪಕ್ಕದ ಕಂಠೀರವ ಕ್ರೀಡಾಂಗಣದ್ದೂ ಇದೇ ಕಥೆ. ಅದು ಸಂಪಂಗಿ ಕೆರೆಯ ಜಾಗ. ಕೆರೆಯ ನೆನಪಿಗೆ ಈಗ ಉಳಿದಿರುವುದು ಕರಗದ ಆಚರಣೆಗೆ ಬಳಕೆಯಾಗುವ ಒಂದು ಪುಟ್ಟ ಕೊಳ ಮಾತ್ರ.

ಕೆರೆ ಹೋದರೂ ನೀರು ತನ್ನ ದಾರಿ ಮರೆಯುವುದಿಲ್ಲ. ಬೆಂಗಳೂರಿನಲ್ಲಿ ಮನೆಯನ್ನೋ ಸೈಟನ್ನೋ ಕೊಳ್ಳಬೇಕೆಂದು ಊರೂರಿಂದ ಬರುವ ಕುಟುಂಬಗಳು ಮೊದಲು ತಿಳಿಯಬೇಕಾದ ಸಂಗತಿ ಇದು. ಮಕ್ಕಳ ಕಾಲೇಜಿಗೆ ಹತ್ತಿರ, ಕೆಲಸಕ್ಕೆ ಅನುಕೂಲ ಎಂದು ಲೆಕ್ಕ ಹಾಕಿ, ಊರಿನ ಜಮೀನು ಮಾರಿ, ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದ ಸಾಲ ಮಾಡಿ ಕೊಳ್ಳುವ ಆಸ್ತಿ ಅದು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಸುಮ್ಮನೆ ಹೇಳಲಿಲ್ಲ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು. ಹತ್ತಿರದಲ್ಲಿ ಜೀವನದಿ ಇಲ್ಲ. ಬಿದ್ದ ಮಳೆ ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಹರಿದು ಹೋಗುತ್ತದೆ. ಹೆಬ್ಬಾಳ ಕಣಿವೆಯ ನೀರೂ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರೂ ದಕ್ಷಿಣ ಪಿನಾಕಿನಿಗೆ ಸೇರುತ್ತವೆ. ವೃಷಭಾವತಿಯ ನೀರು ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಈ ಇಳಿಜಾರಿನಲ್ಲಿ ಹಿಂದಿನವರು ಸಾಲುಸಾಲಾಗಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. ಆ ಕಾಲುವೆಗಳೇ ಇಂದಿನ ರಾಜಕಾಲುವೆಗಳು.

ಈ ಹಾದಿಯನ್ನು ಕಣ್ಣಾರೆ ಕಾಣಬೇಕೆನ್ನುವವರು ‘ಕೆ-100’ ಎಂಬ ರಾಜಕಾಲುವೆಯ ಜಾಡು ಹಿಡಿಯಬಹುದು. ಮೆಜೆಸ್ಟಿಕ್ ಬಳಿ ಹುಟ್ಟುವ ಇದು ಶಾಂತಿನಗರ ಬಸ್ ನಿಲ್ದಾಣದ ಮಗ್ಗುಲಿನಿಂದ ಕೋರಮಂಗಲದತ್ತ ಇಳಿದು ಬೆಳ್ಳಂದೂರು ಕೆರೆ ಸೇರುತ್ತದೆ. ಬೆಳ್ಳಂದೂರಿನ ನೀರು ಮುಂದೆ ವರ್ತೂರು ಕೆರೆಗೆ. ಊರಿನ ಹೆಸರುಗಳೂ ಮಾತಾಡುತ್ತವೆ. ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರಗಳಲ್ಲಿನ ‘ಸಂದ್ರ’ ಬೇರೇನೂ ಅಲ್ಲ, ‘ಸಮುದ್ರ’. ಅಂದರೆ ದೊಡ್ಡ ಕೆರೆ. ಬಡಾವಣೆಯ ಹೊಸ ಹೆಸರು ಇಂಗ್ಲಿಷಿನದಾಗಿದ್ದರೂ ಅದರ ಕೆಳಗಿನ ಹಳ್ಳಿಯ ಹೆಸರು ಕೇಳಿದರೆ ನೆಲದ ಗುಣ ತುಸು ತಿಳಿದೀತು.

ಹೆಸರಿನ ಮಾತು ಕೇಳದಿದ್ದರೆ ಮಳೆ ಹೇಳುತ್ತದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಸುತ್ತ ಕೋಟಿ ಬೆಲೆಯ ಮನೆಗಳಿಗೆ ನೀರು ನುಗ್ಗಿತು. ಕಾರುಗಳು ಮುಳುಗಿದವು. ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ವೃದ್ಧರನ್ನೂ ಮಕ್ಕಳನ್ನೂ ದೋಣಿಯಲ್ಲಿ ಸಾಗಿಸಬೇಕಾಯಿತು.

ನೀರಾದರೆ ಇಳಿಯುತ್ತದೆ. 2016ರ ಆಗಸ್ಟ್‌ನಲ್ಲಿ ನಗರದ ದಕ್ಷಿಣದ ಅವನಿ ಶೃಂಗೇರಿ ನಗರಕ್ಕೆ ಬಂದದ್ದು ಜೆಸಿಬಿ. ರಾಜಕಾಲುವೆಯ ಜಾಗದಲ್ಲಿವೆ ಎಂದು ಆಗಿನ ಬಿಬಿಎಂಪಿ ಅಲ್ಲಿನ ಮನೆಗಳನ್ನು ಕೆಡವಿತು. ನೋಂದಣಿಯಾದ ಕ್ರಯಪತ್ರವಿದೆ, ಖಾತೆಯಿದೆ, ಬ್ಯಾಂಕು ಸಾಲವನ್ನೂ ಕೊಟ್ಟಿದೆ ಎಂದು ಮಾಲೀಕರು ಗೋಗರೆದರು. ಗೋಡೆ ಉರುಳಿದರೂ ಸಾಲದ ಕಂತು ನಿಲ್ಲುವುದಿಲ್ಲವಲ್ಲ!

ಇಷ್ಟೆಲ್ಲ ಕಾಗದವಿದ್ದೂ ಹೀಗೇಕಾಗುತ್ತದೆ? ಒಂದೊಂದು ಕಾಗದಕ್ಕೆ ಒಂದೊಂದೇ ಕೆಲಸ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಡೆದ ವಹಿವಾಟು ದಾಖಲಾಗುತ್ತದೆ. ಮಾರುವವನೇ ನಿಜವಾದ ಒಡೆಯ ಎಂಬುದಕ್ಕೆ ಅದು ಖಾತರಿಯಲ್ಲ. ಋಣಭಾರ ಪತ್ರ, ಅಂದರೆ ಇ.ಸಿ., ನೋಂದಣಿಯಾದ ವಹಿವಾಟನ್ನಷ್ಟೇ ತೋರಿಸುತ್ತದೆ. ಖಾತೆ ಇರುವುದು ಕಂದಾಯ ಕಟ್ಟುವ ಲೆಕ್ಕಕ್ಕೆ. ಹೊಸ ಅಪಾರ್ಟ್‌ಮೆಂಟಾದರೆ ರೇರಾ ನೋಂದಣಿಯನ್ನು ನೋಡಬೇಕು. 2016ರ ಆ ಕಾಯ್ದೆಯಂತೆ, ಬರವಣಿಗೆಯ ಕರಾರು ಮಾಡಿ ನೋಂದಾಯಿಸದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಇವೆಲ್ಲವೂ ಬೇಕು. ಮೂಲಪತ್ರಗಳನ್ನು ಕೊಳ್ಳುವವರೇ ಗೊತ್ತು ಮಾಡಿದ ವಕೀಲರಿಗೆ ತೋರಿಸಬೇಕು, ದಲ್ಲಾಳಿ ಕರೆತಂದವರಿಗಲ್ಲ.

ಆದರೆ ನೀರಿನ ಹಾದಿ ಕಾಣುವುದು ಇನ್ನೊಂದು ಕಾಗದದಲ್ಲಿ: ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯಲ್ಲಿ. ಕೆರೆ, ಹಳ್ಳ, ಬಂಡಿದಾರಿ, ಸರ್ವೆ ನಂಬರುಗಳ ಗಡಿ ಎಲ್ಲವೂ ಅದರಲ್ಲಿವೆ. ಇಲಾಖೆಯ ಜಾಲತಾಣದಲ್ಲೂ ಅದು ಸಿಗುತ್ತದೆ. ಕೊಳ್ಳಲಿರುವ ಸೈಟಿನ ಸರ್ವೆ ನಂಬರನ್ನು ಅದರಲ್ಲಿ ಹುಡುಕಿ, ಪಕ್ಕದಲ್ಲಿ ಕಾಲುವೆಯ ಗೆರೆ ಇದೆಯೇ ಎಂದು ನೋಡುವುದು ಭೂಗೋಳ ಓದುವ ಹೈಸ್ಕೂಲು ಮಕ್ಕಳಿಗೂ ಬರುವ ಕೆಲಸ. ಸಂಶಯ ಬಂದರೆ ಅಳತೆಗೆ ಸರ್ವೇಯರ್ ಇದ್ದಾರೆ.

ನಕ್ಷೆ ಕೈಯಲ್ಲಿ ಹಿಡಿದು ಒಮ್ಮೆ ನಡೆದೂ ನೋಡಬೇಕು. ದಲ್ಲಾಳಿ ತೋರಿಸುವ ಬೇಸಿಗೆಯ ಭಾನುವಾರ ಬೆಳಿಗ್ಗೆ ಎಲ್ಲ ಜಾಗವೂ ಚೆಂದವೇ. ಜೋರು ಮಳೆ ಸುರಿದ ಮಾರನೆಯ ದಿನ ಅವನಿಗೆ ಹೇಳದೆ ಹೋಗಬೇಕು. ಅಕ್ಕಪಕ್ಕದ ಕಾಂಪೌಂಡ್ ಗೋಡೆಗಳಲ್ಲಿ ನೀರು ನಿಂತ ಗೆರೆ ಇದೆಯೇ? ಹಳೆಯ ಮನೆಗಳವರು ಹೊಸ್ತಿಲ ಮುಂದೆ ಅಡ್ಡಗಟ್ಟೆ ಕಟ್ಟಿಕೊಂಡಿದ್ದಾರೆಯೇ? ರಸ್ತೆ ಎತ್ತ ಇಳಿಯುತ್ತದೆ? ಬೀದಿಯ ಇಸ್ತ್ರಿಯವರನ್ನೋ, ಹಾಲಿನವರನ್ನೋ, ಮೂಲ ಹಳ್ಳಿಯ ಅಜ್ಜಂದಿರನ್ನೋ ಮಾತಾಡಿಸಿದರೆ ‘ಇಲ್ಲಿ ಗದ್ದೆ ಇತ್ತು’, ‘ಅಲ್ಲಿ ತೂಬು ಇತ್ತು’ ಎಂಬ ಮಾತು ಸಲೀಸಾಗಿ ಹೊರಬರುತ್ತದೆ. ಯಾವ ಜಾಹೀರಾತಿನಲ್ಲೂ ಸಿಗದ ವಿವರ ಅದು.

ಇದಕ್ಕೆ ಬೇಕಾದುದು ಎರಡು ಮೂರು ದಿನದ ಓಡಾಟ, ಒಂದಿಷ್ಟು ಬಸ್ ಚಾರ್ಜು. ‘ಇವತ್ತೇ ಮುಂಗಡ ಕೊಡಿ, ನಾಳೆ ಬೇರೆಯವರ ಪಾಲಾಗುತ್ತದೆ’ ಎಂದು ಅವಸರ ಮಾಡುವವರಿಗೆ ಕೊಡಬೇಕಾದ ಉತ್ತರ ಒಂದೇ: ಮಳೆ ಬಂದು ಹೋಗಲಿ, ಆಮೇಲೆ ನೋಡೋಣ.