ಕಲ್ಲು ಯಾವುದು, ಕಾಳು ಯಾವುದು?

ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವವರನ್ನು ನೋಡಿದರೆ ಅದೇನು ಮಹಾ ಕೆಲಸ ಎನಿಸುತ್ತದೆ. ಆದರೆ ಆರಿಸಬೇಕಾದ ಮೊರಗಳೇ 2,70,000 ಆದರೆ? ಹಳೆಯ ಮದುವೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಕಲೆ ತೆಗೆಯಲು ಕುಳಿತವನ ಪಾಡು ಹೆಚ್ಚು ಕಡಿಮೆ ಇದೇ.

ಲೆಕ್ಕ ಸುಲಭ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ವಿಡಿಯೋದಲ್ಲಿ ಸೆಕೆಂಡಿಗೆ 25 ಫ್ರೇಮುಗಳು. ಮೂರು ಗಂಟೆಯ ಕ್ಯಾಸೆಟ್ಟಿಗೆ 2,70,000. ಒಂದೊಂದಕ್ಕೆ ಹತ್ತೇ ಸೆಕೆಂಡು ಕೊಟ್ಟರೂ 750 ಗಂಟೆ; ದಿನಕ್ಕೆ ಎಂಟು ಗಂಟೆ ಕೂತರೆ ಮೂರು ತಿಂಗಳು! ಸಿನಿಮಾದಲ್ಲಾದರೆ ಸೆಕೆಂಡಿಗೆ 24 ಫ್ರೇಮು, ಗಂಟೆಗೆ 86,400. ಒಂದು ದಿನದಲ್ಲಿರುವ ಸೆಕೆಂಡುಗಳೂ ಅಷ್ಟೇ. ಏಕೆಂದು ಮಕ್ಕಳು ಒಂದು ನಿಮಿಷ ಯೋಚಿಸಿ ನೋಡಲಿ.

ಕಲೆಗಳಲ್ಲೂ ಜಾತಿಗಳಿವೆ. ಕ್ಯಾಸೆಟ್ಟಿನ ಟೇಪಿಗೆ ಬಳಿದ ಕಾಂತೀಯ ಲೇಪ ಉದುರಿದ ಕಡೆ ಪರದೆಯ ಮೇಲೆ ಬಿಳಿ ಗೆರೆಗಳು ಮಿಂಚಿ ಮಾಯವಾಗುತ್ತವೆ. ಸಿನಿಮಾ ರೀಲಿಗೆ ಧೂಳು ಕೂರುತ್ತದೆ, ಬೂಷ್ಟು ಹಿಡಿಯುತ್ತದೆ, ಗೀರು ಬೀಳುತ್ತದೆ. ಧೂಳಿನ ಕಣ ಸಾಮಾನ್ಯವಾಗಿ ಒಂದೇ ಫ್ರೇಮಿನಲ್ಲಿರುತ್ತದೆ. ಕಂಪ್ಯೂಟರು ಹಿಂದಿನ ಫ್ರೇಮು, ಮುಂದಿನ ಫ್ರೇಮು ಎರಡನ್ನೂ ನೋಡುತ್ತದೆ. ಅಲ್ಲಿ ಇಲ್ಲದ್ದು ನಡುವೆ ಮಾತ್ರ ಇದ್ದರೆ ಅದು ಕಸ. ಅಕ್ಕಪಕ್ಕದ ಫ್ರೇಮಿನಿಂದ ಅಷ್ಟು ತುಣುಕನ್ನು ಕಡ ತಂದು ತೇಪೆ ಹಾಕುತ್ತದೆ. ಉದ್ದುದ್ದ ಗೀರಿನದು ಬೇರೆ ಕಥೆ. ಅದು ನೂರಾರು ಫ್ರೇಮುಗಳಲ್ಲಿ ಒಂದೇ ಜಾಗದಲ್ಲಿ ಕೂತಿರುವುದರಿಂದ ಕಡ ಕೊಡಲು ನೆರೆಯವನ ಬಳಿಯೂ ಏನೂ ಇರುವುದಿಲ್ಲ. ಗೀರಿನ ಎಡಬಲದಲ್ಲಿ ಏನಿದೆಯೋ ಅದನ್ನು ನೋಡಿ ಊಹಿಸಿ ತುಂಬಬೇಕು.

ಹಾಗಾದರೆ ಕಂಪ್ಯೂಟರಿಗೇ ಎಲ್ಲವನ್ನೂ ಬಿಟ್ಟು ಮಲಗಬಹುದಲ್ಲ? ಇಲ್ಲೇ ತೊಡಕು. ಮಾಂಗಲ್ಯಧಾರಣೆಯ ಹೊತ್ತಿಗೆ ವಾಲಗದ ಸದ್ದಿನ ನಡುವೆ ನಾಲ್ಕೂ ಕಡೆಯಿಂದ ಅಕ್ಷತೆ ಹಾರಿ ಬರುತ್ತದೆ. ಒಂದು ಕಾಳು ಈ ಫ್ರೇಮಿನಲ್ಲಿ ಇಲ್ಲಿದ್ದರೆ ಮುಂದಿನದರಲ್ಲಿ ಮತ್ತೆಲ್ಲೋ. ಕಂಪ್ಯೂಟರಿನ ಕಣ್ಣಿಗೆ ಅದಕ್ಕೂ ಧೂಳಿಗೂ ವ್ಯತ್ಯಾಸವಿಲ್ಲ. ಹಿಡಿತವಿಲ್ಲದೆ ಬಿಟ್ಟರೆ ಹಿರಿಯರ ಆಶೀರ್ವಾದವನ್ನೆಲ್ಲ ಗುಡಿಸಿ ಹಾಕಿ, ಬರಿಗೈ ಬೀಸುವವರನ್ನು ಮಾತ್ರ ಉಳಿಸೀತು. ಮಳೆಹನಿ, ಹೋಮದ ಕಿಡಿ, ನೀರಿನ ಮೇಲಿನ ಹೊಳಪು ಎಲ್ಲಕ್ಕೂ ಇದೇ ಗತಿ. ಆದ್ದರಿಂದ ಯಂತ್ರ ಗುರುತಿಸಿದ್ದನ್ನು ಮನುಷ್ಯ ಕೂತು ನೋಡಿ, ಇದು ಕಲ್ಲು, ಇದು ಕಾಳು ಎಂದು ತೀರ್ಮಾನಿಸಲೇಬೇಕು.

ಈ ತಾಳ್ಮೆಗೆ ದೊಡ್ಡ ಉದಾಹರಣೆ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'. 1955ರ ಈ ಚಿತ್ರದ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರಲ್ಲಿ ಬೆಂಕಿಗೆ ಸಿಕ್ಕಿತು. ಸುಟ್ಟು ಸುರುಟಿದ ಸುರುಳಿಗಳನ್ನು ಅಮೆರಿಕದ ಅಕಾಡೆಮಿ ಸಂಗ್ರಹಾಲಯ ಎಸೆಯದೆ ಇಟ್ಟುಕೊಂಡಿತು. ಸುಮಾರು ಎರಡು ದಶಕದ ನಂತರ ಇಟಲಿಯ ಬೊಲೋನ್ಯ ನಗರದ ತಜ್ಞರು ಅವನ್ನು ಹದಗೊಳಿಸಿ, ಹರಿದ ಅಂಚಿನ ತೂತುಗಳನ್ನು ಕೈಯಿಂದಲೇ ಸರಿಪಡಿಸಿದರು. ಕೈಕೆಲಸವೇ ಸಾವಿರ ಗಂಟೆಯ ಹತ್ತಿರ. ಆಮೇಲಷ್ಟೇ ಸ್ಕ್ಯಾನಿಂಗು, ಫ್ರೇಮು ಫ್ರೇಮಿನ ಶುಚಿ. ಮೂಲದ ಶೇಕಡ 40ರಷ್ಟು ಬಳಕೆಗೆ ಬಂತು. ಉಳಿದದ್ದನ್ನು ಬೇರೆ ಪ್ರತಿಗಳಿಂದ ಜೋಡಿಸಿದರು. 2015ರಲ್ಲಿ ಜಗತ್ತು ಅದನ್ನು ಮತ್ತೆ ಕಂಡಿತು. ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ'ವೂ (1977) ಅದೇ ಬೊಲೋನ್ಯದಲ್ಲಿ ಹೊಸ ಉಸಿರು ಪಡೆದು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಇಂಥ ಕಡೆ ಪಾಲಿಸುವ ನೇಮವೊಂದಿದೆ: ಕಾಲ ಸೇರಿಸಿದ್ದನ್ನು ತೆಗೆಯಬೇಕು, ಚಿತ್ರ ತೆಗೆದವನು ಇಟ್ಟದ್ದನ್ನು ಮುಟ್ಟಬಾರದು. ಫಿಲ್ಮಿನ ಸಹಜವಾದ ತರಿತರಿಯನ್ನೂ ಉಜ್ಜಿಬಿಟ್ಟರೆ ಮುಖಗಳು ಮೇಣದ ಬೊಂಬೆಗಳಾಗುತ್ತವೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಂತೆ!

ಮನೆಯಲ್ಲಿ ಇದು ಇನ್ನೂ ಸೂಕ್ಷ್ಮ. ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರುಗಳು ಮಸುಕಾದ ಮುಖವನ್ನು ಕ್ಷಣದಲ್ಲಿ ಥಳಥಳ ಮಾಡಿಕೊಡುತ್ತವೆ. ಆದರೆ ಟೇಪಿನಲ್ಲಿ ದಾಖಲೆಯೇ ಆಗದ ವಿವರವನ್ನು ಅವು ತರುವುದೆಲ್ಲಿಂದ? ಸಾವಿರಾರು ಬೇರೆ ಮುಖಗಳಿಂದ ಕಲಿತದ್ದನ್ನು ಅಲ್ಲಿ ಕೂರಿಸುತ್ತವೆ. ತೀರಿಹೋದ ಅಜ್ಜಿಯ ಚಲಿಸುವ ಚಿತ್ರ ಆ ಕ್ಯಾಸೆಟ್ಟಿನಲ್ಲಿ ಮಾತ್ರ ಇದ್ದರೆ, ಮೊಮ್ಮಗಳು ನೋಡುವುದು ಯಾರ ನಗುವನ್ನು? ಅಜ್ಜಿಯನ್ನು ಕಂಡೇ ಇರದ ಮಗುವಿಗೆ ಅದು ಗೊತ್ತಾಗುವ ಬಗೆಯೂ ಇಲ್ಲ.

ಹಾಗೆಂದು ಕ್ಯಾಸೆಟ್ಟನ್ನು ಅಟ್ಟದ ಮೇಲೇ ಬಿಡುವುದೂ ಸರಿಯಲ್ಲ. ಟೇಪು ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಅದನ್ನು ಓಡಿಸುವ ವಿಸಿಆರ್ ತಯಾರಿಕೆ 2016ರಲ್ಲೇ ನಿಂತಿದೆ. ಬೇಗ ಕಂಪ್ಯೂಟರಿಗೆ ಇಳಿಸಿ, ಕೈ ಹಚ್ಚದ ಆ ಪ್ರತಿಯನ್ನು ಎರಡು ಕಡೆ ಭದ್ರವಾಗಿಡಿ. ತಿದ್ದುವುದನ್ನು ಇನ್ನೊಂದು ಪ್ರತಿಯ ಮೇಲೆ ಮಾಡಿ. ರಜೆಯಲ್ಲಿ ಮಕ್ಕಳು ಆ ಕೆಲಸಕ್ಕೆ ಕೂತಾಗ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿರಲಿ. ಕೆನ್ನೆಯ ಮೇಲಿನ ಚುಕ್ಕೆ ಟೇಪಿನ ದೋಷವೋ, ಅಜ್ಜಿಯ ಮಚ್ಚೆಯೋ ಎಂಬುದನ್ನು ಹೇಳಬಲ್ಲವರು ಅವರೊಬ್ಬರೇ.